ತುಮಕೂರಾ, ಕೋಲಾರವಾ, ಚಿಕ್ಕಬಳ್ಳಾಪುರವಾ? ಹೊಸ ಕೆಲಸ ಸಿಕ್ಕವರು ಸಂಸಾರ ಎಲ್ಲಿ ಹೂಡಬೇಕು

ಹೊಸ ಕೆಲಸದ ಆರ್ಡರ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಬೆಂಗಳೂರಿಗೆ ಎಷ್ಟು ದೂರ? ತುಮಕೂರು ಸುಮಾರು 70 ಕಿಲೋಮೀಟರ್. ಕೋಲಾರವೂ ಹೆಚ್ಚುಕಮ್ಮಿ ಅಷ್ಟೇ. ಚಿಕ್ಕಬಳ್ಳಾಪುರ 60ರ ಆಸುಪಾಸು. ಈ ಲೆಕ್ಕದಲ್ಲಿ ಮೂರೂ ಊರು ಒಂದೇ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿಕೊಳ್ಳಿ. ದಿನವಿಡೀ ಆ ಊರಲ್ಲೇ ಇರುವವರು ಯಾರು?

ಫ್ಯಾಕ್ಟರಿಗೆ ಹೋಗುವವರಿಗೆ ಎಷ್ಟೋ ಕಡೆ ಕಂಪನಿ ಬಸ್ ಇರುತ್ತದೆ, ಕ್ಯಾಂಟೀನ್ ಇರುತ್ತದೆ. ಊರಿನ ನಲ್ಲಿ, ಊರಿನ ಸ್ಕೂಲು, ಊರಿನ ಆಸ್ಪತ್ರೆ, ಇವುಗಳ ಜೊತೆ ಏಗುವುದು ಮನೆಯಲ್ಲಿ ಉಳಿದವರು. ಹೆಂಡತಿಯೋ ಗಂಡನೋ, ಮಕ್ಕಳು, ಜೊತೆಗಿರುವ ಅಪ್ಪ ಅಮ್ಮ. ಊರು ಆರಿಸುವಾಗ ಅವರ ಮಾತಿಗೇ ತೂಕ ಜಾಸ್ತಿ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ತುಮಕೂರಿನವನು. ಸ್ವಲ್ಪ ಊರಿನ ಅಭಿಮಾನ ನುಸುಳಿದ್ದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಕೆಲಸದ ಗೇಟು ಯಾವ ದಿಕ್ಕಿಗೆ

ಮೂರು ಊರು ಮೂರು ಹೆದ್ದಾರಿಯ ಮೇಲಿವೆ. ತುಮಕೂರು 48ರ ಮೇಲೆ, ಕೋಲಾರ 75ರ ಮೇಲೆ, ಚಿಕ್ಕಬಳ್ಳಾಪುರ 44ರ ಮೇಲೆ. ಮೂರೂ ಬೆಂಗಳೂರಿನಿಂದ ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಜೋಡಿಸುವ ಸ್ಯಾಟಲೈಟ್ ರಿಂಗ್ ರೋಡ್ ಬಂದ ಮೇಲೆ ಕಾರಿದ್ದವರಿಗೆ ಅಡ್ಡ ಓಡಾಟ ಸಲೀಸಾಗಿದೆ ನಿಜ. ಆದರೆ ಒಂದು ಊರಲ್ಲಿ ಮನೆ ಮಾಡಿ ಇನ್ನೊಂದು ದಿಕ್ಕಿನ ಫ್ಯಾಕ್ಟರಿಗೆ ದಿನಾ ಹೋಗಿ ಬರುತ್ತೇನೆ ಅನ್ನುವುದು ಆಗದ ಮಾತು.

ತುಮಕೂರಿನ ಕಡೆ ವಸಂತನರಸಾಪುರ ಇದೆ, ಹಿರೇಹಳ್ಳಿ, ಅಂತರಸನಹಳ್ಳಿ, ಸತ್ಯಮಂಗಲ ಕೈಗಾರಿಕಾ ಪ್ರದೇಶಗಳಿವೆ, ಬೆಂಗಳೂರಿನ ದಿಕ್ಕಿಗೆ ದಾಬಸ್‌ಪೇಟೆ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಶುರುವಾಯಿತು.

ಕೋಲಾರದ ಕಡೆ ದೊಡ್ಡ ಹೆಸರು ನರಸಾಪುರ. ಹೋಂಡಾ ಸ್ಕೂಟರ್ ಫ್ಯಾಕ್ಟರಿ ಅಲ್ಲಿದೆ. ಐಫೋನ್ ಜೋಡಿಸುವ ಫ್ಯಾಕ್ಟರಿಯೂ ಅಲ್ಲೇ. ಮೊದಲು ವಿಸ್ಟ್ರಾನ್ ಕೈಲಿತ್ತು, 2023ರಲ್ಲಿ ಟಾಟಾದವರು ತೆಗೆದುಕೊಂಡರು. ಜೊತೆಗೆ ವೇಮಗಲ್, ಮಾಲೂರು. ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಬೆಮೆಲ್ ಕಾರ್ಖಾನೆ ಮಾತ್ರ ಉಳಿದಿದೆ.

ಚಿಕ್ಕಬಳ್ಳಾಪುರದ ಲೆಕ್ಕ ಬೇರೆ. ಊರಿನೊಳಗೆ ದೊಡ್ಡ ಫ್ಯಾಕ್ಟರಿ ಕಡಿಮೆ. ಕೆಲಸ ಇರುವುದು ಕೆಳಗೆ, ದೇವನಹಳ್ಳಿಯಲ್ಲಿ. ವಿಮಾನ ನಿಲ್ದಾಣ, ಏರೋಸ್ಪೇಸ್ ಪಾರ್ಕ್, ಪಕ್ಕದ ದೊಡ್ಡಬಳ್ಳಾಪುರದ ಜವಳಿ ಮತ್ತು ಗಾರ್ಮೆಂಟ್ಸ್, ಈಗ ಫಾಕ್ಸ್‌ಕಾನ್. ಗೌರಿಬಿದನೂರಿನಲ್ಲೂ ಕೈಗಾರಿಕಾ ಪ್ರದೇಶ ಇದೆ, ಆದರೆ ಅಲ್ಲಿ ಕೆಲಸ ಸಿಕ್ಕರೆ ಗೌರಿಬಿದನೂರಿನಲ್ಲೇ ಮನೆ ಮಾಡುವುದು ವಾಸಿ.

ಇಲ್ಲಿ ಒಂದು ವಿಷಯ ಮರೆಯುವವರು ಜಾಸ್ತಿ. ಖಾಸಗಿ ಕೆಲಸ, ಮೂರ್ನಾಲ್ಕು ವರ್ಷಕ್ಕೆ ಬದಲಾಗಬಹುದು. ಆಗ ಮಕ್ಕಳ ಸ್ಕೂಲು ಬಿಡಿಸದೆ ಮುಂದಿನ ಕೆಲಸ ಹುಡುಕಲು ಆಗುತ್ತದಾ? ತುಮಕೂರಿನಲ್ಲಿದ್ದರೆ ಸುತ್ತಲ ಕೈಗಾರಿಕಾ ಪ್ರದೇಶಗಳಲ್ಲೇ ನೋಡಬಹುದು, ಇಲ್ಲದಿದ್ದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ. ಕೋಲಾರದಲ್ಲಿದ್ದರೆ ನರಸಾಪುರದಿಂದ ಹೊಸಕೋಟೆ, ವೈಟ್‌ಫೀಲ್ಡ್‌ವರೆಗೆ ಒಂದೇ ಸಾಲು. ಚಿಕ್ಕಬಳ್ಳಾಪುರದಲ್ಲಿದ್ದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಅಷ್ಟೇ. ಆ ಕಡೆ ಬೆಳವಣಿಗೆ ಜೋರಾಗಿದೆ ಅನ್ನುವುದೂ ನಿಜ.

ನೀರು

ಬಾಡಿಗೆ ನೂರು ಇನ್ನೂರು ಹೆಚ್ಚುಕಮ್ಮಿ ಆದರೆ ಸಹಿಸಬಹುದು. ನೀರು ಸರಿಯಿಲ್ಲದ ಮನೆಗೆ ಹೋದರೆ ಬೇಸಿಗೆಯಲ್ಲಿ ಸಂಸಾರವೇ ಟ್ಯಾಂಕರ್ ದಾರಿ ಕಾಯುತ್ತಾ ಕೂರಬೇಕು. ಈ ಮೂರು ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಹಾಗಾಗಿ ಪ್ರತಿ ಊರಿನ ನೀರು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡೇ ಮನೆ ನೋಡಲು ಹೊರಡಿ.

ತುಮಕೂರು ನಗರಕ್ಕೆ ಹೇಮಾವತಿ ನೀರು. ನಾಲೆಯಲ್ಲಿ ಬಂದ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಅಲ್ಲಿಂದ ಶುದ್ಧ ಆಗಿ ಊರಿಗೆ ಬರುತ್ತದೆ. ನಾಲೆಗೆ ನೀರು ಬಿಡುವುದು ತಡವಾದರೆ ಊರಿನಲ್ಲಿ ಆತಂಕ ಶುರು. ಹೇಮಾವತಿ ನೀರನ್ನು ಕುಣಿಗಲ್, ಮಾಗಡಿ ಕಡೆಗೆ ನೇರ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯಕ್ಕೆ ಜಿಲ್ಲೆಯಲ್ಲಿ ಅಷ್ಟೊಂದು ಗಲಾಟೆ ಆದದ್ದೂ ಇದೇ ಭಯಕ್ಕೆ. ಎಲ್ಲ ಬಡಾವಣೆಗೂ ನೀರು ಒಂದೇ ಥರ ಬರುವುದಿಲ್ಲ. ಆದರೂ ಮೂರರಲ್ಲಿ ನೀರಿನ ಮಟ್ಟಿಗೆ ಕೊಂಚ ನಿಶ್ಚಿಂತೆ ಇರುವುದು ಇಲ್ಲೇ. ಇದು ಅಭಿಮಾನದ ಮಾತಲ್ಲ.

ಕೋಲಾರ ಬಹಳ ವರ್ಷ ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೇ ಬದುಕಿದ ಊರು. ಸಾವಿರ ಅಡಿ ಕೊರೆದರೂ ನೀರು ಸಿಗದ ಕಥೆ ಅಲ್ಲಿ ಮನೆಮನೆಯಲ್ಲೂ ಕೇಳಬಹುದು. ಈಚೆಗೆ ಎರಡು ಬದಲಾವಣೆ ಆಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದು ಕುಡಿಯುವ ನೀರಲ್ಲ, ಅಂತರ್ಜಲ ಏರಿಸಲು ಬಿಡುವ ನೀರು. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂದಿದೆ ಅಂತ ಖುಷಿ ಪಡುವವರಿದ್ದಾರೆ, ಇನ್ನೂ ಒಂದು ಹಂತ ಶುದ್ಧ ಮಾಡಿ ಬಿಡಿ ಅಂತ ಒತ್ತಾಯಿಸುವವರೂ ಇದ್ದಾರೆ. ಎರಡನೆಯದು ಯರಗೋಳ್ ಅಣೆಕಟ್ಟು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಕುಡಿಯುವ ನೀರು ಕೊಡಲೆಂದೇ ಕಟ್ಟಿ, 2023ರಲ್ಲಿ ಉದ್ಘಾಟನೆ ಮಾಡಿದರು. ನೀವು ನೋಡುವ ಮನೆಯ ಬೀದಿಗೆ ಯರಗೋಳ್ ನೀರು ಬರುತ್ತದಾ ಅಂತ ಅಕ್ಕಪಕ್ಕದವರನ್ನು ಕೇಳಿ. ಬರುತ್ತದೆ ಅಂದರೆ ಎಷ್ಟು ದಿನಕ್ಕೊಮ್ಮೆ ಅಂತಲೂ ಕೇಳಿ.

ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಜಕ್ಕಲಮಡಗು ಜಲಾಶಯದ ನೀರು. ಮಳೆ ಚೆನ್ನಾಗಿ ಆದ ವರ್ಷ ತುಂಬಿ ಹರಿಯುತ್ತದೆ, ಇಲ್ಲದ ವರ್ಷ ತಳ ಕಾಣುತ್ತದೆ. ಇಲ್ಲಿಯ ಕೆರೆಗಳಿಗೂ ಎಚ್.ಎನ್. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬರುತ್ತದೆ. ಇನ್ನು ಮನೆ ತೋರಿಸುವವರು ಪಶ್ಚಿಮ ಘಟ್ಟದ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಹೆಸರು ಹೇಳಬಹುದು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತದ ಉದ್ಘಾಟನೆ ಆಯಿತು. ಆ ನೀರು ಇಲ್ಲಿಯ ನಲ್ಲಿಯಲ್ಲಿ ಕಾಣುವವರೆಗೆ ಅದನ್ನು ನಂಬಿ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.

ಫ್ಲೋರೈಡ್ ಬಗ್ಗೆ ಎರಡು ಮಾತು. ಮೂರು ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲೂ ಈ ತೊಂದರೆ ಇದೆ. ಪಾವಗಡ, ಬಾಗೇಪಲ್ಲಿ ಕಡೆ ಇನ್ನೂ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪಾತ್ರೆಯ ತಳಕ್ಕೆ ಕೂರುವ ಬಿಳಿ ಪದರ ಗಡಸು ನೀರಿನ ಗುರುತು, ಅದು ಬೇರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್‌ಗೂ ಬಗ್ಗುವುದಿಲ್ಲ. ಆರ್‌ಓ ಬೇಕು, ಇಲ್ಲವೇ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗಬೇಕು. ಮಕ್ಕಳಿಗೆ ಶಾಶ್ವತ ಹಲ್ಲು ಬೆಳೆಯುವ ವಯಸ್ಸಿನಲ್ಲಿ ಇದು ಮುಖ್ಯ. ಒಮ್ಮೆ ಹಲ್ಲಿನ ಮೇಲೆ ಕಂದು ಕಲೆ ಬಂದರೆ ಉಜ್ಜಿದರೆ ಹೋಗುವುದಿಲ್ಲ.

ಮನೆ ನೋಡುವಾಗ ಮಾಲೀಕರನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ನೀರಿಗೇನೂ ತೊಂದರೆ ಇಲ್ಲ." ಖಾಲಿ ಮಾಡುತ್ತಿರುವ ಬಾಡಿಗೆದಾರರನ್ನು ಕೇಳಿ. ಪಕ್ಕದ ಮನೆಯ ಅಮ್ಮನನ್ನು ಕೇಳಿ. ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದೇ ಸಂಪು, ಬೇಸಿಗೆಯಲ್ಲಿ ಟ್ಯಾಂಕರ್ ಹೊಡೆಸಿದರೆ ದುಡ್ಡು ಯಾರು ಕೊಡುವುದು? ಈ ಮೂರನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಸ್ಕೂಲು, ಕಾಲೇಜು

ಚಿಕ್ಕ ಮಕ್ಕಳಿದ್ದರೆ ಮೂರೂ ಊರು ಸರಿ. ಒಂದನೇ ಕ್ಲಾಸಿನಿಂದ ಏಳರವರೆಗೆ ಒಳ್ಳೆಯ ಸ್ಕೂಲು ಎಲ್ಲ ಕಡೆ ಸಿಗುತ್ತವೆ. ವ್ಯತ್ಯಾಸ ಕಾಣುವುದು ಪಿಯುಸಿಯಿಂದ.

ತುಮಕೂರು ಮೊದಲಿನಿಂದಲೂ ಓದುವ ಊರು. ಸಿದ್ಧಗಂಗಾ ಮಠದ ಸಂಸ್ಥೆಗಳಿವೆ, ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜು 1963ರದ್ದು, ಸಿದ್ಧಾರ್ಥ ಸಂಸ್ಥೆಯ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಿವೆ, 2004ರಲ್ಲಿ ಬಂದ ವಿಶ್ವವಿದ್ಯಾಲಯ ಇದೆ. ಮಗಳು ಪಿಯುಸಿ ಮುಗಿಸಿ ಮನೆಯಿಂದಲೇ ಡಿಗ್ರಿಯೋ ಎಂಜಿನಿಯರಿಂಗೋ ಓದಬಹುದು. ಹಾಸ್ಟೆಲ್ ಖರ್ಚು ಉಳಿಯಿತು ಅಂದರೆ ಸಣ್ಣ ವಿಷಯವಾ? ಕೇಂದ್ರೀಯ ವಿದ್ಯಾಲಯವೂ ಇದೆ.

ಕೋಲಾರದಲ್ಲಿ ಟಮಕದ ಸುತ್ತಮುತ್ತ ಓದಿನ ವಾತಾವರಣ ಬೆಳೆದಿದೆ. ದೇವರಾಜ ಅರಸು ಮೆಡಿಕಲ್ ಕಾಲೇಜು, ತೋಟಗಾರಿಕೆ ಕಾಲೇಜು, ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಎಲ್ಲ ಅಲ್ಲೇ. ಚಿಕ್ಕಬಳ್ಳಾಪುರದಲ್ಲಿ ಎಸ್‌ಜೆಸಿಐಟಿ ಎಂಜಿನಿಯರಿಂಗ್ ಕಾಲೇಜು ಇದೆ, ನಂದಿ ಮೆಡಿಕಲ್ ಕಾಲೇಜು ಇದೆ. ಆದರೆ ಪಿಯುಸಿ, ಡಿಗ್ರಿಯಲ್ಲಿ ಆಯ್ಕೆ ಕಡಿಮೆ. ಬಸ್ಸು ಹತ್ತಿ ಬೆಂಗಳೂರಿನ ಕಡೆ ಹೋಗುವ ಹುಡುಗ ಹುಡುಗಿಯರು ತುಂಬಾ.

ಮಗು ಒಂಬತ್ತನೇ ಕ್ಲಾಸಿನಲ್ಲಿದ್ದರೆ ನನ್ನ ಸಲಹೆ ನೇರವಾಗಿದೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಸಂಸಾರ ಕದಲಿಸಬೇಡಿ. ಒಬ್ಬರು ಪಿಜಿಯಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಹೋಗಿ ಬರುವುದು ಕಷ್ಟವೇ. ಆದರೂ ಹತ್ತನೇ ಕ್ಲಾಸಿನ ಮಧ್ಯೆ ಸ್ಕೂಲು ಬದಲಿಸುವ ಕಷ್ಟಕ್ಕಿಂತ ಕಡಿಮೆ.

ಮನೆಯಲ್ಲಿ ಇನ್ನೊಬ್ಬರೂ ಕೆಲಸಕ್ಕೆ ಹೋಗುವವರಿದ್ದರೆ

ಇದನ್ನು ಲೆಕ್ಕಕ್ಕೇ ಹಿಡಿಯದೆ ಊರು ಆರಿಸುವ ಮನೆಗಳು ಎಷ್ಟೋ. ಗಂಡನಿಗೆ ನರಸಾಪುರದಲ್ಲಿ ಕೆಲಸ ಸಿಕ್ಕಿತು, ಹೆಂಡತಿ ಬೆಂಗಳೂರಿನ ಆಫೀಸಿನ ಕೆಲಸ ಬಿಟ್ಟರು ಅನ್ನುವ ಕಥೆ ಸಾಮಾನ್ಯ. ಹೆಂಡತಿಗೆ ಕೆಲಸ ಸಿಕ್ಕಿ ಗಂಡ ಬಿಟ್ಟ ಕಥೆ ಮಾತ್ರ ಅಪರೂಪ!

ಬೆಂಗಳೂರಿಗೆ ದಿನಾ ಹೋಗಿ ಬರಬೇಕು ಅಂದರೆ ರೈಲಿನ ವಿಷಯದಲ್ಲಿ ತುಮಕೂರಿಗೆ ಸಾಟಿ ಇಲ್ಲ. ಜೋಡಿ ಹಳಿ, ವಿದ್ಯುತ್ ಮಾರ್ಗ, ಹುಬ್ಬಳ್ಳಿ, ಶಿವಮೊಗ್ಗ ಕಡೆಯ ರೈಲುಗಳೆಲ್ಲ ಈ ದಾರಿಯಲ್ಲೇ. ಮಾಸಿಕ ಪಾಸ್ ಮಾಡಿಸಿಕೊಂಡು ಯಶವಂತಪುರ, ಮೆಜೆಸ್ಟಿಕ್‌ಗೆ ಹೋಗಿ ಬರುವ ದೊಡ್ಡ ಬಳಗವೇ ಇದೆ. ಬೆಳಗ್ಗೆ ಸೀಟು ಸಿಗುತ್ತದೆ ಅಂತ ಮಾತ್ರ ಹೇಳಲಾರೆ. ಬಸ್ಸಿನವರು ಮಾದಾವರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯಬಹುದು. 2024ರ ನವೆಂಬರ್‌ನಿಂದ ಮೆಟ್ರೋ ಅಲ್ಲಿಯವರೆಗೆ ಬಂದಿದೆ.

ಕೋಲಾರದಲ್ಲಿ ರೈಲು ನಿಲ್ದಾಣ ಇದೆಯಲ್ಲ ಅಂತ ಮ್ಯಾಪ್ ನೋಡಿ ತೀರ್ಮಾನ ಮಾಡಬೇಡಿ. ಅದು ಬಂಗಾರಪೇಟೆಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಒಂಟಿ ಹಳಿ, ರೈಲು ಬೆರಳೆಣಿಕೆಯಷ್ಟು. ಚೆನ್ನೈ ಮುಖ್ಯ ಮಾರ್ಗ ಬಂಗಾರಪೇಟೆ, ಮಾಲೂರಿನ ಮೇಲೆ ಹೋಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಒಬ್ಬರಿಗೆ ಕೆಲಸ, ನರಸಾಪುರದಲ್ಲಿ ಇನ್ನೊಬ್ಬರಿಗೆ ಅಂದರೆ ಮಾಲೂರನ್ನೂ ನೋಡಿ. ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಹೋಗಿ ಇಳಿದರೆ ಹತ್ತಿರದಲ್ಲೇ ನೇರಳೆ ಮಾರ್ಗದ ಮೆಟ್ರೋ. ಕೋಲಾರದಿಂದಾದರೆ ಬಸ್ಸೇ ಗತಿ, ಹೊಸಕೋಟೆ ದಾಟಿದ ಮೇಲೆ ಕೆ.ಆರ್. ಪುರದ ಟ್ರಾಫಿಕ್.

ಚಿಕ್ಕಬಳ್ಳಾಪುರದಲ್ಲೂ ಒಂಟಿ ಹಳಿಯೇ. ರಸ್ತೆ ಮಾತ್ರ ಮೂರೂ ಊರುಗಳ ಪೈಕಿ ಇಲ್ಲಿಯದೇ ಚೆನ್ನಾಗಿದೆ, ಹೆಬ್ಬಾಳದವರೆಗೆ. ಅಲ್ಲಿ ಟ್ರಾಫಿಕ್, ಹೆಬ್ಬಾಳ ಹೆಬ್ಬಾಳವೇ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಪಕ್ಕದ ತಾಲ್ಲೂಕಿನ ಸ್ಕೂಲಿಗೋ ಆಸ್ಪತ್ರೆಗೋ ದಿನಾ ಹೋಗುವ ಟೀಚರ್, ನರ್ಸ್ ಇರುವ ಮನೆಗೆ ಇದು ತಿಂಗಳ ಖರ್ಚನ್ನೇ ಬದಲಿಸುತ್ತದೆ. ರಾಜಹಂಸ, ಎಸಿ ಬಸ್ಸು ಇದರಲ್ಲಿ ಸೇರುವುದಿಲ್ಲ.

"ಬೈಕ್ ಇದೆಯಲ್ಲ, ಸುಮ್ನೆ ಹೋಗಿ ಬರ್ತೀನಿ" ಅನ್ನುವವರು ಒಂದು ಲೆಕ್ಕ ಹಾಕಲಿ. ಒಂದು ಕಡೆಗೆ 45 ಕಿಲೋಮೀಟರ್ ಅಂದರೆ ದಿನಕ್ಕೆ 90. ತಿಂಗಳಿಗೆ 25 ದಿನ ಅಂದರೆ 2,250 ಕಿಲೋಮೀಟರ್. ಲೀಟರಿಗೆ 45 ಕೊಡುವ ಬೈಕಿಗೆ 50 ಲೀಟರ್, ಲೀಟರಿಗೆ ನೂರು ಅಂತ ಹಿಡಿದರೂ 5,000 ರೂಪಾಯಿ. 15 ಕೊಡುವ ಕಾರಿಗೆ 15,000, ಟೋಲ್ ಬೇರೆ. ಬಾಡಿಗೆಯಲ್ಲಿ ಉಳಿದದ್ದು ಪೆಟ್ರೋಲ್ ಬಂಕಿಗೆ ಹೋಯಿತು. ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ಬೈಕ್ ಓಡಿಸುವ ಅಪಾಯಕ್ಕೆ ಲೆಕ್ಕವೇ ಇಲ್ಲ.

ಬಾಡಿಗೆ, ಆಸ್ಪತ್ರೆ, ಮಾತು

ಬಾಡಿಗೆ ಮೂರೂ ಕಡೆ ಬೆಂಗಳೂರಿಗಿಂತ ಕಡಿಮೆ, ಅಡ್ವಾನ್ಸ್ ಕೂಡ. ತುಮಕೂರಿನಲ್ಲಿ ಎಸ್‌ಐಟಿ ಬಡಾವಣೆ, ಎಸ್‌ಎಸ್ ಪುರಂ, ಅಶೋಕನಗರದ ಕಡೆ ಬೇಡಿಕೆ ಜಾಸ್ತಿ, ಕ್ಯಾತಸಂದ್ರ, ಮರಳೂರು ಕಡೆ ಹೋದರೆ ಸ್ವಲ್ಪ ಇಳಿಯುತ್ತದೆ. ಕೋಲಾರದಲ್ಲಿ ಟಮಕ, ಪಿ.ಸಿ. ಬಡಾವಣೆ ನೋಡಬಹುದು. ಬೋಗ್ಯಕ್ಕೆ ಮನೆ ಹಿಡಿಯುವುದಾದರೆ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪತ್ರ) ತೆಗೆಸಿ, ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ. ದುಡ್ಡು ಚೆಕ್ ಮೂಲಕವೇ ಕೊಡಿ. ಸೈಟ್ ತೋರಿಸುತ್ತೇನೆ ಬನ್ನಿ ಅನ್ನುವವರು ಮೊದಲ ತಿಂಗಳೇ ಬೆನ್ನು ಹತ್ತುತ್ತಾರೆ. ಒಂದು ವರ್ಷ ಕಿವಿ ಮುಚ್ಚಿಕೊಂಡಿರಿ. ಕೇಂದ್ರ ಸರ್ಕಾರಿ ನೌಕರರು ಇನ್ನೊಂದು ನೋಡಿಕೊಳ್ಳಬೇಕು: ಬೆಂಗಳೂರಿನ ಪೋಸ್ಟಿಂಗ್‌ಗೆ ಮೂಲ ವೇತನದ 30% ಮನೆ ಬಾಡಿಗೆ ಭತ್ಯೆ, ಈ ಊರುಗಳ ಪೋಸ್ಟಿಂಗ್‌ಗೆ 10%.

ವಯಸ್ಸಾದವರಿದ್ದರೆ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆ ಕೈಗೆಟುಕುವಷ್ಟು ಹತ್ತಿರ ಇದೆ. ಕೋಲಾರದಲ್ಲಿ ಜಾಲಪ್ಪ ಆಸ್ಪತ್ರೆ, ತುಮಕೂರಿನಲ್ಲಿ ಸಿದ್ಧಾರ್ಥ, ಸಿದ್ಧಗಂಗಾ. ಚಿಕ್ಕಬಳ್ಳಾಪುರದಲ್ಲಿ ನಂದಿ ಮೆಡಿಕಲ್ ಕಾಲೇಜಿನ ಜೊತೆಗೆ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದ ಉಚಿತ ಆಸ್ಪತ್ರೆಯೂ ಇದೆ. ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗೆ ಕೊನೆಗೆ ಬೆಂಗಳೂರೇ. ಆಗ ಚಿಕ್ಕಬಳ್ಳಾಪುರದವರಿಗೆ ಅನುಕೂಲ, ಹೆಬ್ಬಾಳ ಸುತ್ತಲಿನ ದೊಡ್ಡ ಆಸ್ಪತ್ರೆಗಳು ದಾರಿಯಲ್ಲೇ ಸಿಗುತ್ತವೆ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ತೆಲುಗು ಜಾಸ್ತಿ ಕಿವಿಗೆ ಬೀಳುತ್ತದೆ. ದಾವಣಗೆರೆ, ಹಾಸನದಿಂದ ಬಂದವರಿಗೆ ಮೊದಲು ಪರಕೀಯ ಅನ್ನಿಸಬಹುದು. ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ಚಿಂತೆ ಬೇಡ. ವರ್ಷದೊಳಗೆ ನಿಮ್ಮ ಮಕ್ಕಳೇ ತೆಲುಗು ಕಲಿತು ನಿಮಗೆ ಹೇಳಿಕೊಡುತ್ತಾರೆ.

ಹಾಗಾದರೆ ಯಾರು ಎಲ್ಲಿ

ಮಕ್ಕಳು ಪಿಯುಸಿಯ ಹತ್ತಿರ ಬಂದಿದ್ದಾರೆ, ಇಬ್ಬರೂ ದುಡಿಯುತ್ತೀರಿ, ಒಬ್ಬರ ಕೆಲಸ ಬೆಂಗಳೂರಿನ ಪಶ್ಚಿಮಕ್ಕೋ ಉತ್ತರಕ್ಕೋ ಇದೆ ಅಂದರೆ ತುಮಕೂರು. ಕೆಲಸ ದಾಬಸ್‌ಪೇಟೆಯಲ್ಲಿದ್ದರೂ ನೆಲಮಂಗಲಕ್ಕಿಂತ ತುಮಕೂರನ್ನೇ ಮೊದಲು ನೋಡಿ ಅನ್ನುತ್ತೇನೆ. ಬೆಳಗ್ಗೆ ನೀವು ಬೆಂಗಳೂರಿನ ದಟ್ಟಣೆಗೆ ಸಿಗುವ ಮೊದಲೇ ಇಳಿದುಬಿಡುತ್ತೀರಿ.

ನರಸಾಪುರ, ವೇಮಗಲ್ ಕೆಲಸ, ಪಾಳಿ ಡ್ಯೂಟಿ, ಮಕ್ಕಳು ಚಿಕ್ಕವರು ಅಂದರೆ ಕೋಲಾರವೇ ಸರಿ. ವೈಟ್‌ಫೀಲ್ಡ್ ಹತ್ತಿರ ಅಂತ ಹೊಸಕೋಟೆಯಲ್ಲಿ ಮನೆ ಮಾಡುವವರಿದ್ದಾರೆ. ಬೆಂಗಳೂರಿನ ಬಾಡಿಗೆ ಕೊಟ್ಟು ಹೆದ್ದಾರಿಯ ಧೂಳು ಕುಡಿಯುವುದಕ್ಕಿಂತ ಅಂತರಗಂಗೆ ಬೆಟ್ಟದ ಕೆಳಗಿನ ಕೋಲಾರವೇ ಮೇಲು. ಆದರೆ ಬೀದಿಗೆ ನಲ್ಲಿ ನೀರು ಇರುವ ಮನೆಯೇ ಬೇಕು, ಇದರಲ್ಲಿ ರಾಜಿ ಬೇಡ.

ವಿಮಾನ ನಿಲ್ದಾಣ, ಏರೋಸ್ಪೇಸ್ ಪಾರ್ಕ್ ಕೆಲಸ, ಮನೆಯಲ್ಲಿ ಹಿರಿಯರಿದ್ದಾರೆ, ಗಲಾಟೆ ಇಲ್ಲದ ಸಣ್ಣ ಊರು ಬೇಕು ಅಂದರೆ ಚಿಕ್ಕಬಳ್ಳಾಪುರ. ದೇವನಹಳ್ಳಿ ಬಾಡಿಗೆ ಏರುತ್ತಲೇ ಇದೆ. ನಂದಿ ಬೆಟ್ಟದ ತಪ್ಪಲಿನ ಗಾಳಿ, ಹೂವು, ತರಕಾರಿ, ಸೀಸನ್‌ನಲ್ಲಿ ದ್ರಾಕ್ಷಿ ಸೋವಿ. ಆದರೆ ಇಬ್ಬರಲ್ಲಿ ಒಬ್ಬರಿಗೆ ಬೆಂಗಳೂರಿನ ದಕ್ಷಿಣದಲ್ಲಿ ಕೆಲಸ ಇದ್ದರೆ ಬೇಡ. ಹೋಗಿ ಬರುವುದರಲ್ಲೇ ದಿನ ಮುಗಿದುಹೋಗುತ್ತದೆ.

ಎಲ್ಲಿಗೇ ಆಗಲಿ, ಕೆಲಸಕ್ಕೆ ಸೇರುವವರು ಮೊದಲು ಒಬ್ಬರೇ ಹೋಗಿ ಪಿಜಿಯಲ್ಲೋ ರೂಮಿನಲ್ಲೋ ಇರಿ. ಕೆಲಸ ನಿಲ್ಲುತ್ತದೆ ಅಂತ ಖಾತ್ರಿಯಾಗಲಿ. ಮನೆ ನೋಡುವುದನ್ನು ಮಾರ್ಚ್, ಏಪ್ರಿಲ್‌ಗೆ ಇಟ್ಟುಕೊಳ್ಳಿ. ಆಗ ನಲ್ಲಿಯ ನಿಜ ಬಣ್ಣ ಕಾಣುತ್ತದೆ, ಸ್ಕೂಲಿನ ಅಡ್ಮಿಷನ್ ಕೂಡ ಆಗಲೇ. ಹಳೆ ಸ್ಕೂಲಿನಿಂದ ಟಿ.ಸಿ. ತೆಗೆದುಕೊಳ್ಳುವಾಗ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಬರೆಸಿಕೊಳ್ಳಿ. ಹೆಸರು, ಹುಟ್ಟಿದ ತಾರೀಕು ಆಧಾರ್‌ನಲ್ಲಿರುವಂತೆಯೇ ಇದೆಯಾ ಅಂತ ಅಲ್ಲೇ ನೋಡಿ. ತಪ್ಪಿದ್ದರೆ ಹಳೆ ಊರಲ್ಲೇ ಸರಿ ಮಾಡಿಸಿ. ಹೊಸ ಊರಿಂದ ಅದಕ್ಕೋಸ್ಕರ ಮತ್ತೆ ರಜೆ ಹಾಕಿ ಓಡಾಡುವುದು ಯಾರಿಗೆ ಬೇಕು? ಗ್ಯಾಸ್ ಕನೆಕ್ಷನ್ ವರ್ಗಾವಣೆ, ರೇಷನ್ ಕಾರ್ಡ್ ವಿಳಾಸ ಆಮೇಲೆ ನಿಧಾನಕ್ಕೆ ಆಗುತ್ತವೆ, ಬಾಡಿಗೆ ಕರಾರಿನ ಪ್ರತಿ ಒಂದು ಕೈಯಲ್ಲಿದ್ದರೆ ಸಾಕು.